ಗಟ್ಟಿ ಮಾತಿನ ಮನೆ

ನಮ್ಮ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.
ಉಪ್ಪು ಮುಗಿದದ್ದು, ಚೀಟಿ ಹಣ ಕಟ್ಟದ್ದು,
ದೊಡ್ಡವಳು ಮೈನೆರೆದದ್ದು,
ಎಲ್ಲ ಮೊದಲು ಬೀದಿಗೆ, ಆಮೇಲೆ ಇವರಿಗೆ.
ಆವತ್ತು ಮಗಳು ಗೋಡೆ ಕಡೆ ತಿರುಗಿ ಮಲಗಿದವಳು
ಮೂರು ದಿನ ನನ್ನ ಮುಖ ನೋಡಲಿಲ್ಲ.

ಶಿಡ್ಲಘಟ್ಟದಲ್ಲಿ ಟ್ವಿಸ್ಟಿಂಗ್ ಮಿಷನ್ನು, ಹತ್ತೊಂಬತ್ತು ವರ್ಷ.
ಶೀಟು ಹೊದಿಸಿದ ಶೆಡ್ಡು, ಸಾಲು ಸಾಲು ಕದಿರು.
ಒಂದೊಂದೇ ಆದರೆ ನೊಣದ ಸದ್ದು,
ಸೇರಿದರೆ ತಲೆಯೊಳಗೆ ರೈಲು.
ಕಿವಿಗೆ ಹತ್ತಿ ಇಟ್ಟುಕೊಳ್ರೋ ಎಂದು ಅಲ್ಲಿ ಯಾರೂ ಹೇಳಲಿಲ್ಲ,
ಹೇಳಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಲ್ಲಿ ಬಾಯಿಗೆ ಕೆಲಸವಿಲ್ಲ.
ಎರಡು ಬೆರಳೆತ್ತಿದರೆ ಟೀ,
ಮೂಗು ಮುಟ್ಟಿದರೆ ಮಾಲೀಕ ಬಂದ,
ಬೆರಳು ಕತ್ತರಿಯಾದರೆ ನೂಲು ಹರಿಯಿತು.
ಮಾಲೀಕರು ಬಾಷಾ ಸಾಬರು ಕೂಡ
ಬಲಗಿವಿ ಮುಂದೆ ಮಾಡಿಯೇ ಮಾತು ಕೇಳುವುದು.
ಮಿಷನ್ನು ಅವರಪ್ಪನಿಂದ ಬಂದದ್ದು, ಕಿವುಡೂ.

ಮದುವೆಯಾದ ಹೊಸದರಲ್ಲಿ ಇವರೂ ಪಿಸುಗುಟ್ಟುತ್ತಿದ್ದರು.
ಒಂದೇ ಕೋಣೆ, ಸೀರೆ ಕಟ್ಟಿದ ಮರೆಯಾಚೆ ಅತ್ತೆ,
ಅರ್ಧ ತೆಲುಗು, ಅರ್ಧ ಕನ್ನಡ.
ಏನು ಹೇಳಿದರೋ ಈಗ ನೆನಪಿಲ್ಲ,
ಕಿವಿಯ ಹತ್ತಿರ ಬಿಸಿಯಾಗಿದ್ದು ನೆನಪಿದೆ.

ಈಗ ನಾನು "ಊಟಕ್ಕೆ ಬನ್ನಿ" ಎಂದರೆ
ಎದುರುಮನೆ ಪಿಳ್ಳಮ್ಮ ಗಂಡನಿಗೆ ಹೇಳುತ್ತಾಳೆ:
ನೋಡು, ಗಂಗುಲಪ್ಪನ ಮನೇಲಿ ಶುರುವಾಯ್ತು.
ಜಗಳ ಅಲ್ಲ ಕಣಕ್ಕಾ, ಸೊಪ್ಪಿನ ಸಾರು.
ನಾವು ನಿಜವಾಗಿ ಜಗಳ ಆಡಿ ಬಹಳ ದಿನವಾಯಿತು.
ಜಗಳಕ್ಕೆ ಸಣ್ಣ ದನಿಯೂ ಬೇಕು,
ನಡುವೆ ಎಲ್ಲೋ ಇಳಿಯಬೇಕು, "ಹೋಗ್ಲಿ ಬಿಡು" ಅನ್ನಬೇಕು.
"ಹೋಗ್ಲಿ ಬಿಡು" ಅನ್ನೋದನ್ನ ಕೂಗಿ ಹೇಳಿ ನೋಡಿ.

ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಯಲ್ಲಿ
ಗಾಜಿನ ಪೆಟ್ಟಿಗೆಯಂಥ ಕೋಣೆ.
ಒಳಗೆ ಕೂರಿಸಿ, ಬಾಗಿಲು ಹಾಕಿ,
ಕಿವಿಗೆ ಎರಡು ಕಪ್ಪು ಬಟ್ಟಲು ಇಟ್ಟು
"ಸದ್ದು ಕೇಳಿದಾಗ ಕೈ ಎತ್ತಿ" ಎಂದು ಆ ಹುಡುಗಿ ಸನ್ನೆ ಮಾಡಿದಳು.
ಇವರು ಎತ್ತಿದ ಕೈ ಇಳಿಸಲೇ ಇಲ್ಲ.
"ನಾನಿನ್ನೂ ಸದ್ದೇ ಬಿಟ್ಟಿಲ್ಲ ಅಮ್ಮಾ" ಎಂದು ನಕ್ಕಳು.
ಇವರಿಗೆ ಕೇಳಿಸುತ್ತಿತ್ತು.
ಶೆಡ್ಡಿಗೆ ಆವತ್ತು ರಜಾ ಹಾಕಿದ್ದರು,
ಶೆಡ್ಡು ರಜಾ ಕೊಟ್ಟಿರಲಿಲ್ಲ.

ಕಾಗದದಲ್ಲಿ ಒಂದು ಗೆರೆ,
ಬೆಟ್ಟದಿಂದ ಉರುಳಿದ ಹಾಗೆ ಕೆಳಗಿಳಿದಿತ್ತು.
ಕಿವಿಗಿಡುವ ಮಿಷನ್ನು ಇಪ್ಪತ್ತಮೂರು ಸಾವಿರವಂತೆ.
ಒಂದು ಕಿವಿಗೆ.
"ಯಾವ ಕಿವಿಗೆ?" ಎಂದು ಇವರ ಮುಖದೆದುರು ನಿಂತು ಕೇಳಿದೆ.
ತುಟಿ ನೋಡಿ ಅರ್ಥ ಮಾಡಿಕೊಂಡು,
ಸ್ವಲ್ಪ ಹೊತ್ತು ಲೆಕ್ಕ ಹಾಕಿ,
"ಎಡಕ್ಕೆ. ಕದಿರಿನ ಸದ್ದು ಬದಲಾದರೆ ಗೊತ್ತಾಗಬೇಕಲ್ಲ" ಎಂದರು.
ನಾನು ಮಲಗುವುದು ಬಲಕ್ಕೆ.

ಬಸ್ಸಿನಲ್ಲಿ ಕಿಟಕಿ ಕಡೆ ನಾನೇ ಕೂತೆ.

ಕರೆಂಟು ಹೋದ ರಾತ್ರಿ
ಊರಿನ ಮಿಷನ್ನೆಲ್ಲ ಒಟ್ಟಿಗೆ ನಿಲ್ಲುತ್ತವೆ.
ಯಾರದೋ ಮಗು ಅಳುವುದು, ಹಲ್ಲಿ ಲೊಚಗುಟ್ಟುವುದು,
ಎಲ್ಲ ನನ್ನೊಬ್ಬಳಿಗೇ.
ಇವರು ಎದ್ದು ಕೂರುತ್ತಾರೆ, ತಲೆ ಹಿಡಿದುಕೊಂಡು,
"ಇನ್ನೂ ಓಡ್ತಾನೇ ಐತೆ" ಎನ್ನುತ್ತಾರೆ.
ಆಗ ಬೆನ್ನ ಮೇಲೆ ಬೆರಳಲ್ಲಿ ಬರೆಯುತ್ತೇನೆ.
ನಾನು ಓದಿದ್ದು ನಾಲ್ಕನೇ ಕ್ಲಾಸು,
ಇವರ ಬೆನ್ನೋ ಒತ್ತಕ್ಷರ ಬಂದರೆ ಎಡವುತ್ತದೆ.
ಮೊನ್ನೆ "ನಿದ್ದೆ ಮಾಡಿ" ಎಂದು ಬರೆದೆ.
"ನಿಂಬೆಹಣ್ಣಾ? ಈ ಹೊತ್ನಲ್ಲಾ?" ಎಂದರು
ಇಡೀ ಬೀದಿಗೆ ಕೇಳುವಂತೆ.
ಎದುರುಮನೆಯಲ್ಲಿ ಪಿಳ್ಳಮ್ಮ ಕೆಮ್ಮಿದಳು.
ನಾನು ನಗು ತಡೆಯಲು ಇವರ ಬೆನ್ನಿಗೇ ಬಾಯಿ ಒತ್ತಿದೆ,
ಅದು ಮಾತ್ರ ಸರಿಯಾಗಿ ಓದಿಕೊಂಡರು.

ಬೆಳಿಗ್ಗೆ ಪಿಳ್ಳಮ್ಮ ಬಾಗಿಲಿಗೆ ಬಂದು
ಎರಡು ನಿಂಬೆಹಣ್ಣು ಕೊಟ್ಟಳು.
ಇಸ್ಕೊಂಡೆ.
ಬೇಡ ಎನ್ನಬೇಕಾದರೆ
ಎಲ್ಲ ಹೇಳಬೇಕಾಗುತ್ತಿತ್ತು.